ಬೆಕ್ಕನ್ನು ಓಡಿಸಿದರೆ ಚಿಗಟ ಹೋಗುವುದಿಲ್ಲ

ಸಂಪಾದಕರೇ, ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯ ಮನೆಮದ್ದು ಅಂಕಣದಲ್ಲಿ ಬೆಕ್ಕಿನ ಚಿಗಟಕ್ಕೆ ಒಂದು ಉಪಾಯ ಬಂದಿತ್ತು. ಕರ್ಪೂರವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಮೈಗೆಲ್ಲ ಸವರಿ, ಸ್ನಾನದ ನೀರಿಗೆ ಒಂದು ಮುಚ್ಚಳ ಫಿನಾಯಿಲ್ ಹಾಕಿ, ಅಷ್ಟಕ್ಕೂ ಹೋಗದಿದ್ದರೆ ಬೆಕ್ಕನ್ನು ಕೆಲವು ದಿನ ಮನೆಯಿಂದ ಹೊರಗಿಡಿ ಅಂತ. ಇದನ್ನು ಓದಿ ಯಾರಾದರೂ ಹಾಗೇ ಮಾಡಿದರೆ ಬೆಕ್ಕು ಸಾಯಬಹುದು, ಚಿಗಟ ಮಾತ್ರ ಮನೆಯಲ್ಲೇ ಉಳಿಯುತ್ತದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ. ಕತ್ತರಿ ಹಾಕುವುದಾದರೆ ಹಾಕಿ, ಆದರೆ ಫಿನಾಯಿಲ್ ವಿಷಯ ಮತ್ತು ನಾಯಿಯ ಔಷಧದ ವಿಷಯ ಎರಡನ್ನೂ ದಯವಿಟ್ಟು ಬಿಡಬೇಡಿ. ಅದೇ ಅಂಕಣದಲ್ಲಿ ಒಂದು ತಿದ್ದುಪಡಿ ಹಾಕಿದರೆ ಇನ್ನೂ ಒಳ್ಳೆಯದು.

ಬೆಕ್ಕು ಎಚ್ಚರ ಇರುವಾಗ ಬಹಳ ಹೊತ್ತು ಮೈ ನೆಕ್ಕುತ್ತಲೇ ಕೂರುತ್ತದೆ, ಸಾಕಿದವರಿಗೆಲ್ಲ ಗೊತ್ತು. ಅಂದಮೇಲೆ ನೀವು ಅದರ ಮೈಗೆ ಏನು ಹಚ್ಚಿದರೂ ಅದು ಹೊಟ್ಟೆಗೇ ಹೋಗುತ್ತದೆ. ಅದರ ಮೇಲೆ ಬೆಕ್ಕಿನ ಲಿವರ್ ನಮ್ಮದರ ಹಾಗೆ, ನಾಯಿಯದರ ಹಾಗೆ ಕೆಲಸ ಮಾಡುವುದಿಲ್ಲ. ಫಿನಾಯಿಲ್‌ನಂಥ ವಿಷಗಳನ್ನು ಒಡೆದು ಹೊರಹಾಕುವ ಶಕ್ತಿ ಅದಕ್ಕೆ ತೀರಾ ಕಡಿಮೆ. ಕರ್ಪೂರ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಇವೂ ಬೆಕ್ಕಿಗೆ ಆಗಿಬರುವುದಿಲ್ಲ. ಚಿಮಣಿ ಎಣ್ಣೆ ಸವರುವವರು ಇನ್ನೂ ಇದ್ದಾರೆ, ಚರ್ಮ ಸುಡುತ್ತದೆ, ನೆಕ್ಕುವಾಗ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಅಪಾಯ. ನುಸಿ ಗುಳಿಗೆಯನ್ನು ಬೆಕ್ಕು ಮಲಗುವ ಬುಟ್ಟಿಯಲ್ಲಿ ಇಡುವುದೂ ಬೇಡ. ಊಟದಲ್ಲಿ ಬಳ್ಳೊಳ್ಳಿ ಕಲಸಿ ಹಾಕಿದರೆ ರಕ್ತದ ವಾಸನೆಗೆ ಚಿಗಟ ಬರುವುದಿಲ್ಲ ಅಂತ ಒಬ್ಬರು ನನಗೆ ಹೇಳಿದರು. ಬಳ್ಳೊಳ್ಳಿ, ಉಳ್ಳಾಗಡ್ಡಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಚಿಗಟ ಕುಡಿದು ಉಳಿಸಿದ ರಕ್ತವನ್ನು ನಾವೇ ಹಾಳು ಮಾಡಿದಂತಾಗುತ್ತದೆ, ಅಷ್ಟೇ.

ಇನ್ನು ನಾಯಿಯ ಔಷಧ. ನಾಯಿಗೆ ಬೆನ್ನ ಮೇಲೆ ಹಾಕುವ ಕೆಲವು ಹನಿ ಔಷಧಗಳಲ್ಲಿ, ಪುಡಿಗಳಲ್ಲಿ, ಶಾಂಪೂಗಳಲ್ಲಿ ಪರ್ಮೆಥ್ರಿನ್ ಅಂತ ಒಂದು ಕೀಟನಾಶಕ ಇರುತ್ತದೆ. ನಾಯಿಗೆ ಏನೂ ಆಗುವುದಿಲ್ಲ. ಬೆಕ್ಕಿಗೆ ಅದು ನರಕ್ಕೆ ಏರುವ ವಿಷ. ನಮ್ಮ ಓಣಿಯಲ್ಲಿ ಒಂದು ಮನೆಯವರು ಅಂಗಡಿಗೆ ಹೋಗಿ ಬೆಕ್ಕಿಗೆ ಚಿಗಟದ ಔಷಧ ಕೊಡಿ ಅಂದಿದ್ದಾರೆ. ಅಂಗಡಿಯವರು ನಾಯಿಯ ಟ್ಯೂಬ್ ಕೊಟ್ಟು, "ಎರಡಕ್ಕೂ ಒಂದ ರೀ, ಬೆಕ್ಕಿಗೆ ಅರ್ಧಾ ಹಾಕ್ರಿ ಸಾಕು" ಅಂದಿದ್ದಾರೆ. ರಾತ್ರಿ ಹೊತ್ತಿಗೆ ಬೆಕ್ಕಿನ ಕಿವಿ ಪಟಪಟ ಅದುರಲು ಶುರುವಾಗಿ, ಜೊಲ್ಲು ಸುರಿದು, ಮೈಯೆಲ್ಲ ನಡುಗಿ, ಕೊನೆಗೆ ಫಿಟ್ಸ್ ಬಂದಿತು. ಪಶುವೈದ್ಯರ ಹತ್ತಿರ ಒಯ್ದರು, ಪುಣ್ಯಕ್ಕೆ ಉಳಿಯಿತು. ಅರ್ಧ ಹಾಕಿ, ಕಾಲು ಹಾಕಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪೊಟ್ಟಣದ ಮೇಲೆ ಬೆಕ್ಕಿಗೆ ಅಂತ ಬರೆದಿರದಿದ್ದರೆ ಅದನ್ನು ಬೆಕ್ಕಿಗೆ ಹಾಕಬಾರದು.

ಇದಕ್ಕೇ ಸೇರಿದ ಇನ್ನೊಂದು ಮಾತು. ಮಕ್ಕಳ ತಲೆ ಹೇನಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಲೋಷನ್ ಇದೆಯಲ್ಲ, ಅದರಲ್ಲೂ ಹೆಚ್ಚಾಗಿ ಇರುವುದು ಇದೇ ಪರ್ಮೆಥ್ರಿನ್. ಮನೆಯಲ್ಲಿ ಉಳಿದಿದೆ, ಹೇನೂ ಹುಳ, ಚಿಗಟವೂ ಹುಳ ಅಂತ ಬೆಕ್ಕಿನ ತಲೆಗೆ ತಿಕ್ಕುವವರು ಇದ್ದಾರೆ. ಬೇಡ. ಗೊತ್ತಿಲ್ಲದೆ ಹಾಕಿಬಿಟ್ಟಿದ್ದರೆ ಉಗುರುಬೆಚ್ಚನೆ ನೀರಿನಲ್ಲಿ, ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ ತಕ್ಷಣ ಮೈ ತೊಳೆದು, ಟವೆಲ್ಲಿನಲ್ಲಿ ಸುತ್ತಿ, ಔಷಧದ ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಓಡಿ. ನಡುಕ ಬರಲಿ ಆಮೇಲೆ ನೋಡೋಣ ಅಂತ ಕಾಯಬೇಡಿ.

ಈಗ ಅಸಲು ವಿಷಯ. ಬೆಕ್ಕನ್ನು ಹೊರಗಿಟ್ಟರೆ ಚಿಗಟ ಹೋಗುತ್ತದೆ ಅನ್ನುವ ನಂಬಿಕೆಯಿಂದ ಎಷ್ಟೋ ಬೆಕ್ಕುಗಳು ಚೀಲದಲ್ಲಿ ಕಟ್ಟಿಸಿಕೊಂಡು ಮಾರ್ಕೆಟ್ಟಿನ ಹಿಂದೆಯೋ ಊರ ಹೊರಗಿನ ಬಯಲಿನಲ್ಲೋ ಹೋಗಿ ಬೀಳುತ್ತವೆ. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಪಕ್ಕಕ್ಕಿರಲಿ, ಅದರಿಂದ ನಿಮಗೇ ನಷ್ಟ. ಹೇಗೆ ಅಂದರೆ, ಕಣ್ಣಿಗೆ ಕಾಣುವ ದೊಡ್ಡ ಚಿಗಟ ಇಡೀ ಸಂಸಾರದಲ್ಲಿ ನೂರಕ್ಕೆ ಐದರಷ್ಟು ಅಂತ ತಿಳಿದವರು ಲೆಕ್ಕ ಹೇಳುತ್ತಾರೆ. ಉಳಿದದ್ದೆಲ್ಲ ಮೊಟ್ಟೆ, ಮರಿಹುಳ, ಗೂಡು ಆಗಿ ನಿಮ್ಮ ಗಚ್ಚಿನ ಸಂದಿಯಲ್ಲಿ, ಜಮಖಾನದ ಅಡಿಯಲ್ಲಿ, ಮಂಚದ ಕೆಳಗಿನ ಧೂಳಿನಲ್ಲಿ ಇರುತ್ತದೆ. ಬೆಕ್ಕು ಹೋದರೆ ಗೂಡಿನಿಂದ ಹೊರಗೆ ಬರುವ ಚಿಗಟಕ್ಕೆ ರಕ್ತ ಎಲ್ಲಿಂದ? ನಿಮ್ಮ ಕಾಲಿನಿಂದ. ಬೆಕ್ಕು ಬಿಟ್ಟು ಬಂದ ವಾರದಲ್ಲಿ ಚಿಗಟ ಜಾಸ್ತಿ ಆಯಿತು ಅಂತ ಗೋಳಾಡುವವರಿಗೆ ಕಾರಣ ಇದೇ. ಬೆಕ್ಕು ಮನೆಯಲ್ಲಿದ್ದು ಅದರ ಮೈಮೇಲೆ ಸರಿಯಾದ ಔಷಧ ಇದ್ದರೆ, ಗೂಡೊಡೆದು ಬಂದ ಚಿಗಟ ಅದರ ಮೈಗೆ ಹಾರಿ ಅಲ್ಲೇ ಸಾಯುತ್ತದೆ. ಅಂದರೆ ಮನೆ ಖಾಲಿ ಮಾಡುವ ಕೆಲಸ ಬೆಕ್ಕೇ ಮಾಡಿಕೊಡುತ್ತದೆ.

ಚಿಗಟದ ಬದುಕು ಸ್ವಲ್ಪ ತಿಳಿದುಕೊಂಡರೆ ಏನು ಮಾಡಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ. ಹೆಣ್ಣು ಚಿಗಟ ಬೆಕ್ಕಿನ ಮೈಗೆ ಹತ್ತಿ ರಕ್ತ ಕುಡಿದ ಒಂದೆರಡು ದಿನದಲ್ಲಿ ಮೊಟ್ಟೆ ಇಡಲು ಶುರು ಮಾಡುತ್ತದೆ. ದಿನಕ್ಕೆ 40-50 ಮೊಟ್ಟೆಯವರೆಗೂ ಇಡಬಲ್ಲದು. ಹೇನಿನ ಈರು ಕೂದಲಿಗೆ ಅಂಟಿಕೊಳ್ಳುತ್ತದೆ, ಚಿಗಟದ ಮೊಟ್ಟೆ ಅಂಟುವುದಿಲ್ಲ. ನುಣ್ಣಗೆ ಜಾರಿ ಬೆಕ್ಕು ಎಲ್ಲಿ ಮಲಗುತ್ತದೋ, ಎಲ್ಲಿಂದ ಧುಮುಕುತ್ತದೋ ಅಲ್ಲಿ ಉದುರುತ್ತದೆ. ಕೆಲವು ದಿನಕ್ಕೆ ಮರಿಹುಳ ಬರುತ್ತದೆ. ಅದು ಬೆಳಕಿಗೆ ಹೆದರುತ್ತದೆ, ಸಂದಿ ಹುಡುಕುತ್ತದೆ, ದೊಡ್ಡ ಚಿಗಟದ ಹಿಕ್ಕೆ ಅಂದರೆ ಒಣಗಿದ ರಕ್ತವನ್ನೇ ತಿಂದು ಬೆಳೆಯುತ್ತದೆ. ಆಮೇಲೆ ಗೂಡು ಕಟ್ಟುತ್ತದೆ. ಆ ಗೂಡು ಅಂಟಂಟು, ಮೇಲೆ ಧೂಳು ಮೆತ್ತಿಕೊಂಡು ಗುರುತೇ ಸಿಗುವುದಿಲ್ಲ. ಔಷಧ ಹೊಡೆದರೂ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಬೆಚ್ಚಗೆ, ಹಸಿಯಾಗಿ ಇದ್ದರೆ ಮೊಟ್ಟೆಯಿಂದ ಚಿಗಟ ಆಗಲು ಮೂರ್ನಾಲ್ಕು ವಾರ ಸಾಕು. ಹತ್ತಿರ ಯಾರೂ ಸುಳಿಯದಿದ್ದರೆ ಗೂಡಿನೊಳಗೆ ತಿಂಗಳುಗಟ್ಟಲೆ ಸುಮ್ನೆ ಕಾಯುತ್ತದೆ. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ ಸೋಕಿದ ಕೂಡಲೇ ಹೊರಗೆ ಹಾರುತ್ತದೆ.

ಮೇ ರಜೆಗೆ ಮನೆಗೆ ಬೀಗ ಹಾಕಿ ಊರಿಗೆ ಹೋದವರು ವಾಪಸ್ ಬಂದು ಬಾಗಿಲು ತೆಗೆದರೆ ಚಿಗಟದ ದಂಡು ಕಾಲಿಗೆ ಏರುವುದು ಇದಕ್ಕೇ. ಬೆಕ್ಕೂ ಇಲ್ಲ, ಜನವೂ ಇಲ್ಲ, ಉಪವಾಸ ಬಿದ್ದು ಸತ್ತಿರುತ್ತವೆ ಅಂದುಕೊಂಡಿರುತ್ತೇವೆ. ಬೀಗ ಹಾಕುವ ಮುಂಚೆ ಹಾಸಿಗೆ ಒಗೆದು, ಸಂದಿ ಗುಡಿಸಿ ಹೋಗುವುದೇ ವಾಸಿ.

ಬೆಕ್ಕಿನ ಮೈಮೇಲೆ ಚಿಗಟ ಇದೆಯೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಹೇನಿನ ಹಣಿಗೆ ತೆಗೆದುಕೊಳ್ಳಿ. ಬಾಲದ ಬುಡ, ಕುತ್ತಿಗೆ, ಹೊಟ್ಟೆಯ ಕಡೆ ಬಾಚಿ. ಕರಿ ಪುಡಿ ಬಂದರೆ ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿ. ಬರೀ ಧೂಳಾದರೆ ಕರಿ ಬಣ್ಣದಲ್ಲೇ ಇರುತ್ತದೆ, ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಪು ಕಲೆ ಬಿಡುತ್ತದೆ. ಒಂದೂ ಚಿಗಟ ಕಾಣಲಿಲ್ಲ ಅಂತ ನಿರಾಳ ಆಗುವ ಹಾಗಿಲ್ಲ, ಬೆಕ್ಕು ನೆಕ್ಕಿ ನೆಕ್ಕಿ ನುಂಗಿಬಿಟ್ಟಿರುತ್ತದೆ. ಹಣಿಗೆಗೆ ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಅದ್ದಿ. ಬರೀ ನೀರಾದರೆ ತೇಲಿ ಹಾರಿ ಹೋಗಬಹುದು, ಸೋಪು ಇದ್ದರೆ ಮುಳುಗುತ್ತದೆ. ಉಗುರಿನಿಂದ ಚಿಟುಕುವ ಅಭ್ಯಾಸ ನಮ್ಮ ಕಡೆ ಇದೆ, ಅದು ಅಷ್ಟು ಒಳ್ಳೆಯದಲ್ಲ, ಹೊಲಸು.

ಔಷಧದಲ್ಲಿ ಬೆಕ್ಕಿಗೇ ಅಂತ ಸಿಗುವ ಹನಿಗಳಿವೆ. ಫಿಪ್ರೊನಿಲ್, ಸೆಲಮೆಕ್ಟಿನ್, ಇಮಿಡಾಕ್ಲೋಪ್ರಿಡ್ ಇಂಥವು. ತಲೆಯ ಹಿಂದೆ, ಕುತ್ತಿಗೆಯ ಬುಡದಲ್ಲಿ, ನಾಲಿಗೆ ತಲುಪದ ಜಾಗದಲ್ಲಿ ಕೂದಲು ಬಿಡಿಸಿ ಚರ್ಮಕ್ಕೇ ಬೀಳುವ ಹಾಗೆ ಹಾಕಬೇಕು. ಕೂದಲ ಮೇಲೆ ಹಾಕಿದರೆ ದುಡ್ಡು ದಂಡ. ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ಯಾವುದು, ಎಷ್ಟು ಅನ್ನುವುದನ್ನು ಬೆಕ್ಕನ್ನು ತೂಕ ಮಾಡಿಸಿ ಪಶುವೈದ್ಯರ ಹತ್ತಿರ ಕೇಳಿಕೊಳ್ಳಿ. ಎರಡು ತಿಂಗಳೂ ತುಂಬದ ಮರಿಗೆ ಹಣಿಗೆಯೇ ಗತಿ. ಬೇಕಿದ್ದರೆ ಬೆಚ್ಚನೆ ನೀರು, ಸೌಮ್ಯ ಸೋಪು, ಆಮೇಲೆ ಚೆನ್ನಾಗಿ ಒರೆಸಿ ಬೆಚ್ಚಗಿಡಬೇಕು. ಮರಿಯ ವಸಡು ಕೆಂಪಾಗಿರದೆ ಬೆಳ್ಳಗಿದ್ದರೆ ಚಿಗಟ ರಕ್ತ ಹೀರಿ ಹೀರಿ ಮರಿ ಸಾಯುವ ಹಂತಕ್ಕೆ ಬಂದಿದೆ ಅಂತ ಅರ್ಥ, ಅವತ್ತೇ ತೋರಿಸಬೇಕು. ಮನೆಯಲ್ಲಿ ಮೊಲ ಸಾಕಿದವರು ಇದ್ದರೆ ಫಿಪ್ರೊನಿಲ್ ಅನ್ನು ಮೊಲಕ್ಕೆ ಮಾತ್ರ ಮುಟ್ಟಿಸಬೇಡಿ.

ಎಲ್ಲಕ್ಕಿಂತ ಹೆಚ್ಚು ಜನ ಸೋಲುವ ಜಾಗ ಇಲ್ಲಿದೆ. ಹನಿ ಹಾಕಿದ ಎರಡು ವಾರಕ್ಕೂ ಚಿಗಟ ಕಾಣುತ್ತದೆ, ಕೆಲವೊಮ್ಮೆ ಮೊದಲಿಗಿಂತ ಜಾಸ್ತಿ ಕಾಣುತ್ತದೆ. ಔಷಧ ಡುಪ್ಲಿಕೇಟ್ ಅಂತ ಬೈದು, ಇನ್ನೊಂದು ತಂದು ಅದರ ಮೇಲೇ ಹಾಕಿಬಿಡುತ್ತಾರೆ. ನಿಜವಾಗಿ ಆಗಿರುವುದು ಇಷ್ಟೇ, ಹಿಂದಿನ ತಿಂಗಳ ಮೊಟ್ಟೆಗಳು ಈಗ ಗೂಡೊಡೆದು ಬರುತ್ತಿವೆ. ಅವು ಬರಬೇಕು, ಬಂದು ಸಾಯಬೇಕು. ಡಾಕ್ಟರು ಹೇಳಿದ ಲೆಕ್ಕದಲ್ಲಿ, ಸಾಮಾನ್ಯವಾಗಿ ತಿಂಗಳಿಗೆ ಒಂದು ಸಲದಂತೆ ಮೂರು ತಿಂಗಳಾದರೂ ಬಿಡದೆ ಹಾಕಿದರೆ ಮನೆ ಖಾಲಿಯಾಗುತ್ತದೆ. ಒಂದು ಸಲ ಹಾಕಿ ಬಿಟ್ಟರೆ ಅದು ಮತ್ತೆ ಮೊದಲಿನಿಂದ.

ಮನೆಯ ಕೆಲಸ ಹೇಳುತ್ತೇನೆ. ಮೊದಲು ಬೆಕ್ಕಿನ ದಾರಿ ನೋಡಿ. ಹಗಲು ಎಲ್ಲಿ ಮಲಗುತ್ತದೆ, ರಾತ್ರಿ ಎಲ್ಲಿ, ಯಾವ ಟ್ರಂಕಿನ ಮೇಲಿಂದ ಎಲ್ಲಿಗೆ ಧುಮುಕುತ್ತದೆ. ಮೊಟ್ಟೆ ಇರುವುದು ಅಲ್ಲೇ. ಇಡೀ ಮನೆ ತೊಳೆದು ಸುಸ್ತಾಗುವುದಕ್ಕಿಂತ ಆ ನಾಲ್ಕಾರು ಜಾಗ ಹಿಡಿದು ಮಾಡಿದರೆ ಕೆಲಸ ಆಗುತ್ತದೆ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಜೋಕಾಲಿಯ ಮೇಲೆ ಒಂದು ಜಮಖಾನ ಮಡಚಿ ಹಾಸಿರುತ್ತಾರೆ, ಬೆಕ್ಕಿಗೆ ಅದಕ್ಕಿಂತ ಸುಖದ ಜಾಗ ಬೇರೆ ಇಲ್ಲ. ನವಲಗುಂದದ ಒಳ್ಳೇ ಜಮಖಾನವಾದರೆ ಬಿಸಿನೀರಿಗೆ ಹಾಕಿ ಬಣ್ಣ ಕೆಡಿಸಿಕೊಳ್ಳಬೇಡಿ, ಬಿಸಿಲಿಗೆ ಹಾಕಿ ಎರಡೂ ಮಗ್ಗುಲು ಬಡಿಯಿರಿ. ಬೆಕ್ಕು ಮಲಗುವ ಅರಿವೆ, ದಿಂಬಿನ ಗವಸು, ಚಾದರಗಳನ್ನು ಮಾತ್ರ ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಿನಲ್ಲಿ ನೆನೆಸಿ ಒಗೆಯಿರಿ. ಮಷಿನ್ ಇಲ್ಲದಿದ್ದರೆ ಹಂಡೆಯಲ್ಲಿ ಕಾಯಿಸಿದ ನೀರು ಸಾಕು, ಕೈ ಹಾಕಲು ಆಗದಷ್ಟು ಬಿಸಿ ಇರಬೇಕು ಅಷ್ಟೇ.

ಕೌದಿಯದ್ದೇ ದೊಡ್ಡ ತಲೆನೋವು. ಹತ್ತು ಪದರ ಹಳೇ ಸೀರೆ ಸೇರಿಸಿ ಹೊಲಿದದ್ದು, ನೆನೆದರೆ ಎತ್ತುವುದಕ್ಕೇ ಇಬ್ಬರು ಬೇಕು, ಧಾರವಾಡದ ಮಳೆಯಲ್ಲಿ ಒಣಗುವುದೂ ಇಲ್ಲ. ದಸರಾಕ್ಕೆ ಮುಂಚೆ ಮನೆಯ ಹಾಸಿಗೆಯೆಲ್ಲ ಒಗೆಯುವ ಪದ್ಧತಿ ನಮ್ಮಲ್ಲಿ ಇರುವುದು ಒಳ್ಳೆಯದೇ, ಆದರೆ ಚಿಗಟ ದಸರಾದವರೆಗೆ ಕಾಯುವುದಿಲ್ಲ, ಅಲ್ವಾ? ಮಳೆಗಾಲದಲ್ಲಿ ಕೌದಿ ಬೆಕ್ಕಿಗೆ ಸಿಗದಂತೆ ಟ್ರಂಕಿನಲ್ಲಿಡಿ. ಬೆಕ್ಕಿಗೆ ಬೇರೆ ತೆಳು ಟವೆಲ್ ಹಾಸಿಕೊಡಿ, ಅದನ್ನು ಒಗೆಯುವುದು ಸುಲಭ. ಕೌದಿಯ ಮೇಲೆ ಮೊದಲೇ ಮಲಗಿದ್ದರೆ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಎರಡೂ ಕಡೆ ನಿಧಾನಕ್ಕೆ ಎಳೆಯಿರಿ. ಮೇಲಿನ ಪದರದ್ದು ಸಾಯುತ್ತದೆ, ಉಳಿದದ್ದಕ್ಕೆ ಬಿಸಿಲು ಬಂದ ದಿನ ನೋಡಿ.

ಬಿಸಿಲು ಅಂದೆ ನೋಡಿ. ಚಿಗಟದ ಮರಿಹುಳಕ್ಕೆ ಒಣ ಹವೆ ಆಗುವುದಿಲ್ಲ, ಗಾಳಿಯಲ್ಲಿ ತೇವ ಅರ್ಧಕ್ಕಿಂತ ಕಡಿಮೆಯಾದರೆ ಒಣಗಿ ಸಾಯುತ್ತದೆ. ಏಪ್ರಿಲ್‌ನ ಗದಗದ ಬಿಸಿಲಿನಲ್ಲಿ ಅಂಗಳದಲ್ಲಿ ಚಿಗಟ ಬೆಳೆಯುವುದು ಕಷ್ಟ, ಮನೆಯೊಳಗಿನ ತಂಪು ಮೂಲೆ ಮಾತ್ರ ಅದಕ್ಕೆ ಆಸರೆ. ಜೂನ್ ಬಂದು ಧಾರವಾಡಕ್ಕೆ ಮಲೆನಾಡಿನ ಮಳೆ ಹಿಡಿಯಿತೋ, ಹಾನಗಲ್ಲ ಕಡೆ ಗದ್ದೆ ತುಂಬಿದವೋ, ಆಗ ಶುರು. ಮಣ್ಣಿನ ನೆಲ, ಬಿರುಕು ಬಿಟ್ಟ ಗಚ್ಚು, ಫರಸಿ ಕಲ್ಲಿನ ಸಂದು ಇದ್ದರೆ ಇನ್ನೂ ಜಾಸ್ತಿ. ಸಂದುಗಳಿಗೆ ಸಿಮೆಂಟ್ ತುಂಬಿಸಿಬಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಗುಡಿಸುವುದು ದಿನಾ ಇರಬೇಕು. ವ್ಯಾಕ್ಯೂಮ್ ಮಷಿನ್ ಇದ್ದವರು ಅದನ್ನೇ ಬಳಸಿ, ಅದರ ಅದುರಿಗೆ ಗೂಡಿನೊಳಗಿನ ಚಿಗಟ ಯಾರೋ ಬಂದರು ಅಂತ ಹೊರಗೆ ಬಂದು ಸಿಕ್ಕಿಕೊಳ್ಳುತ್ತದೆ. ಚೀಲವನ್ನು ಅವತ್ತೇ ಕಟ್ಟಿ ಹೊರಗೆ ಹಾಕಿ. ಇಲ್ಲದವರಿಗೆ ಕಸಬರಿಗೆಯೇ ಸಾಕು, ಮಂಚ, ಕಪಾಟು ಸರಿಸಿ ಗುಡಿಸಬೇಕು, ಬಂದ ಕಸವನ್ನು ಹಿತ್ತಲಿಗೆ ಚೆಲ್ಲದೆ ಸೋಪಿನ ನೀರಿನ ಬಕೆಟ್ಟಿಗೆ ಹಾಕಬೇಕು. ರಾತ್ರಿ ಸಣ್ಣ ದೀಪದ ಕೆಳಗೆ ತಾಟಿನಲ್ಲಿ ಸೋಪಿನ ನೀರು ಇಟ್ಟರೆ ಕೆಲವು ಚಿಗಟ ಬಂದು ಬೀಳುತ್ತವೆ. ಅದರಿಂದ ಮನೆ ಖಾಲಿಯಾಗುವುದಿಲ್ಲ, ಇನ್ನೂ ಇವೆಯೋ ಇಲ್ಲವೋ ಅಂತ ಗೊತ್ತಾಗುತ್ತದೆ. ಬೇವಿನ ಹೊಗೆ ಹಾಕುವವರು ಹಾಕಿಕೊಳ್ಳಿ, ಸೊಳ್ಳೆ ಓಡಬಹುದು. ಕೀಟನಾಶಕ ಹೊಡೆಯುವವರನ್ನು ಕರೆಸುವುದಾದರೆ ಮೊಟ್ಟೆ, ಮರಿಹುಳ ಬೆಳೆಯದಂತೆ ತಡೆಯುವ ಪೈರಿಪ್ರಾಕ್ಸಿಫೆನ್, ಮೆಥೋಪ್ರೀನ್ ಥರದ್ದು ಇದೆಯಾ ಅಂತ ಕೇಳಿ. ಹೊಡೆದದ್ದು ಪೂರ್ತಿ ಒಣಗುವವರೆಗೆ ಬೆಕ್ಕು, ಕೂಸು ಯಾರೂ ಒಳಗೆ ಬರಬಾರದು. ಮೀನಿನ ತೊಟ್ಟಿ ಇದ್ದರೆ ಬೇರೆ ಕಡೆ ಸಾಗಿಸಿ, ಆ ಔಷಧಗಳಲ್ಲಿ ಹೆಚ್ಚಿನವು ಮೀನನ್ನು ಕೊಲ್ಲುತ್ತವೆ.

ಮನುಷ್ಯರಿಗೆ ಏನಾಗುತ್ತದೆ ಅಂತ ಕೇಳುವವರಿಗೆ: ಹೆಚ್ಚಾಗಿ ಮೊಣಕಾಲ ಕೆಳಗೆ, ಒಂದೇ ಕಡೆ ಮೂರ್ನಾಲ್ಕು ಕೆಂಪು ಗುಳ್ಳೆ, ವಿಪರೀತ ತುರಿಕೆ. ಕೆರೆಯದೆ ಕ್ಯಾಲಮಿನ್ ಹಚ್ಚಿ. ಬೆಕ್ಕಿನ ಚಿಗಟ ನಮ್ಮ ಮೈಮೇಲೆ ಮನೆ ಮಾಡುವುದಿಲ್ಲ, ಮಕ್ಕಳ ತಲೆ ಬೋಳಿಸುವ ಅಗತ್ಯ ಇಲ್ಲ. ಬೆಕ್ಕಿನ ಬಾಲದ ಕೆಳಗೆ ಅಕ್ಕಿ ಕಾಳಿನಷ್ಟು ಬಿಳಿ ತುಂಡು ಕಂಡರೆ ಅದು ಲಾಡಿಹುಳ, ಚಿಗಟ ನುಂಗಿದ್ದರಿಂದ ಬರುವುದು. ಅಪರೂಪಕ್ಕೆ ಚಿಗಟ ನುಂಗಿದ ಸಣ್ಣ ಮಕ್ಕಳಿಗೂ ಬರುತ್ತದೆ. ಅದಕ್ಕೆ ಬೇರೆ ಗುಳಿಗೆ ಇದೆ, ಚಿಗಟದ ಹನಿಯಿಂದ ಹೋಗುವುದಿಲ್ಲ.

ಹುಬ್ಬಳ್ಳಿಯ ಹಿರಿಯರು ಕೆಲವರು ಚಿಗಟ ಅಂದ ಕೂಡಲೇ ಪ್ಲೇಗ್ ಅನ್ನುತ್ತಾರೆ. ಅವರ ಭಯಕ್ಕೆ ಕಾರಣ ಇದೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಬಂದಾಗ ಹಾಫ್ಕಿನ್ ಅನ್ನುವ ವಿಜ್ಞಾನಿ ಕಂಡುಹಿಡಿದ ಪ್ಲೇಗ್ ಲಸಿಕೆಯನ್ನು ಇಲ್ಲಿನ ಸಾವಿರಾರು ಜನರಿಗೆ ಚುಚ್ಚಿದ್ದರು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮಂಡ್ ಅನ್ನುವ ಫ್ರೆಂಚ್ ವೈದ್ಯರು ಪ್ಲೇಗ್ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಅಂತ ತೋರಿಸಿದರು. ಅದು ಇಲಿಯ ಚಿಗಟ, ಜಾತಿಯೇ ಬೇರೆ. ಇಲಿ ಹಿಡಿಯಲಿ ಅಂತಲೇ ಅಡತಿ ಅಂಗಡಿ, ಕಿರಾಣಿ ಅಂಗಡಿ, ಕಾಳಿನ ಗೋದಾಮುಗಳಲ್ಲಿ ಬೆಕ್ಕು ಇಟ್ಟಿರುತ್ತಾರೆ. ಅಂಥ ಅಂಗಡಿಯವರಾದರೂ ಬೆಕ್ಕಿಗೆ ತಿಂಗಳಿಗೊಂದು ಹನಿ ಹಾಕಿಸಬೇಕು, ಚೀಲದ ಮೇಲೆ ಮಲಗಿ ಮಲಗಿ ಅದು ಊರಿಗೆಲ್ಲ ಮೊಟ್ಟೆ ಕಳಿಸುತ್ತಿರುತ್ತದೆ.

ಕೊನೆಗೆ ಓಣಿಯ ಮಾತು. ನಾಯಿಯ ಮೈಮೇಲೆ ಇರುವುದೂ ಹೆಚ್ಚಾಗಿ ಇದೇ ಬೆಕ್ಕಿನ ಚಿಗಟ. ಹಾಗಾಗಿ ನಿಮ್ಮ ಬೆಕ್ಕಿಗೆ ಹಾಕಿ, ಪಕ್ಕದ ಮನೆಯ ನಾಯಿಗೆ ಹಾಕದಿದ್ದರೆ ಮೂರು ತಿಂಗಳು ಮುಗಿದರೂ ಕಥೆ ಮುಗಿಯುವುದಿಲ್ಲ. ವಠಾರದ ಮನೆಗಳಲ್ಲಿ ಒಂದೇ ಬೆಕ್ಕು ಆರು ಮನೆಯಲ್ಲಿ ಆರು ಹೆಸರಿನಿಂದ ಹಾಲು ಕುಡಿಯುತ್ತದೆ, ಔಷಧ ಹಾಕುವಾಗ ಮಾತ್ರ ಅದು ಯಾರದ್ದೂ ಅಲ್ಲ. ಆರು ಮನೆಯವರು ದುಡ್ಡು ಹಾಕಿದರೆ ಒಂದು ಹನಿಯ ಬೆಲೆ ಯಾರಿಗೂ ಭಾರ ಆಗುವುದಿಲ್ಲ. ಸರ್ಕಾರದ ಪಶು ಆಸ್ಪತ್ರೆಗಳಲ್ಲಿ ಎಮ್ಮೆ, ಆಕಳಿನ ಸಾಲೇ ದೊಡ್ಡದು, ಬೆಕ್ಕು ಹಿಡಿದು ನಿಂತವರನ್ನು ನೋಡಿ ನಗುವವರೂ ಇದ್ದಾರೆ, ನಗಲಿ ಬಿಡಿ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಅಲ್ಲಿಯವರು ಮಳೆಗಾಲ ಶುರುವಾಗುವ ಮುಂಚೆ ಗದಗ, ಹಾವೇರಿ, ಹುಬ್ಬಳ್ಳಿ ಕಡೆಯ ಔಷಧ ಅಂಗಡಿಗಳಿಗೆ ಒಂದು ಚೀಟಿ ಹಂಚಿದರೆ ಸಾಕು: ನಾಯಿಯ ಚಿಗಟದ ಔಷಧವನ್ನು ಬೆಕ್ಕಿಗೆ ಕೊಡಬೇಡಿ ಅಂತ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಕೌಂಟರ್ ಮೇಲೆ ಅಂಟಿಸುವ ಹಾಗೆ. ಅವರು ಮಾಡುವವರೆಗೆ ನಮ್ಮ ಓಣಿಯ ಹುಡುಗರು ಕೈಯಲ್ಲೇ ಬರೆದು ಹತ್ತಿರದ ಅಂಗಡಿಗಳಿಗೆ ಕೊಟ್ಟಿದ್ದಾರೆ. ಒಬ್ಬರು ಅಂಟಿಸಿದ್ದಾರೆ, ಇನ್ನೊಬ್ಬರು ವ್ಯಾಪಾರ ಕೆಡುತ್ತದೆ ಅಂದರು.

ಬೆಕ್ಕಿನ ಮನೆಯವರು,
ಸಪ್ತಾಪುರ, ಧಾರವಾಡ